ಇಪ್ಪತ್ತು ನಿಮಿಷ ಮುಂದಿರುವ ಮನೆ

ನಮ್ಮ ಅಕ್ಕನ ಮನೆಯಲ್ಲಿ ಎಲ್ಲ ಗಡಿಯಾರಗಳೂ ಇಪ್ಪತ್ತು ನಿಮಿಷ ಮುಂದೆ. ಕಾರಣ ಭಾವ. ಒಳ್ಳೆಯವರು, ಬೈಯಲು ಮನಸ್ಸೇ ಬಾರದಷ್ಟು ಒಳ್ಳೆಯವರು. ಆದರೆ ತಮ್ಮ ಮದುವೆಗೇ ತಡವಾಗಿ ಬಂದ ಮಹಾನುಭಾವರು. ಅಕ್ಕ ಗಡಿಯಾರ ಮುಂದಿಟ್ಟಳು. ಭಾವ ಮನಸ್ಸಿನಲ್ಲೇ ಇಪ್ಪತ್ತು ಕಳೆದು ಮತ್ತೆ ಕಾಲು ಚಾಚಿದರು. ಅವಳು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು.

ಅಕ್ಕನಿಗೆ ಆಸ್ಪತ್ರೆಯ ಅಂಕಿಅಂಶ ವಿಭಾಗದಲ್ಲಿ ಕೆಲಸ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ತೂಕ ಹೇಗೆ ಏರುತ್ತಿದೆ ಎಂದು ಗೆರೆ ಎಳೆದು ತೋರಿಸುವ ಪುಟ್ಟ ಪ್ಯಾಕೇಜೊಂದನ್ನು ಅವಳೇ ಬರೆದಿದ್ದಾಳೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು, ಬಿಚ್ಚಿ ನೋಡಬಹುದಾದ ಅಂಕಿಅಂಶ ತಂತ್ರಾಂಶವೊಂದರ ಮೇಲೆ ಅದು ಓಡುತ್ತದೆ. ಇನ್‌ಸ್ಟಾಲ್ ಆಗುತ್ತಿಲ್ಲ ಎಂದು ಗುರುತು ಪರಿಚಯವಿಲ್ಲದವರೆಲ್ಲ ಇವಳನ್ನು ಕೇಳುತ್ತಾರೆ. ಯಂತ್ರ ಸಾಲುಸಾಲಾಗಿ ತೋರಿಸುವ ತಪ್ಪುಗಳ ಬಗ್ಗೆ ಎಲ್ಲರಿಗೂ ಒಂದೇ ಮಾತು: "ಮೊದಲ್ನೇ ತಪ್ಪು ಓದಿ. ಕೊನೇದು ಬರೀ ಅಳು." ಊಟ ಆರಿಹೋದರೂ ಉತ್ತರ ಬರೆಯುತ್ತ ಕೂರುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಅವಳಿಗೆ ಅದರಲ್ಲೇ ಸುಖ.

ಅವತ್ತು ಪರದೆಗಳ ಅಳತೆ ತೆಗೆಯಲು ಅವಳ ಮನೆಗೆ ಹೋಗಿದ್ದೆ. ನಾನು ಟೈಲರ್. ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮುಖ ಸಣ್ಣದು ಮಾಡಿ ಕೂತಿದ್ದಳು. ಮೂರು ಗಂಟೆಗೆ ಶಿಶು ವಿಭಾಗದ ಮುಖ್ಯ ಡಾಕ್ಟರಿಗೆ ಗೆರೆ ಬಿಡಿಸಿ ತೋರಿಸಬೇಕಿತ್ತು. ಅದು ಬಂದರೆ ಸರಿ. ಬಾರದಿದ್ದರೆ ನರ್ಸುಗಳು ಮತ್ತೆ ಗ್ರಾಫ್ ಹಾಳೆ, ಪೆನ್ಸಿಲ್ಲು ಹಿಡಿಯಬೇಕು, ಅಕ್ಕನ ವರ್ಷಗಟ್ಟಲೆಯ ಕೆಲಸ ಮೂಲೆ ಸೇರುತ್ತದೆ. ತಂತ್ರಾಂಶದ ಹೊಸ ಆವೃತ್ತಿ ಬಂದ ಮೇಲೆ ಅವಳ ಪ್ಯಾಕೇಜು, ಬರೆದದ್ದನ್ನು ಯಂತ್ರ ಓಡಿಸಬಲ್ಲ ತುಣುಕುಗಳಾಗಿ ಕಟ್ಟುವಾಗ ತಕರಾರು ಮಾಡದೆ, ತೆರೆಯುವಾಗ ಕೈಕೊಡುತ್ತಿತ್ತು.

"ತಪ್ಪೆಲ್ಲಿ ಅಂತ ಗೊತ್ತು ಕಣೇ. ತಿದ್ದಿದೀನಿ. ಆದ್ರೂ ಅದೇ ರಾಗ," ಎಂದಳು. ಮತ್ತೆ ಕಟ್ಟು ಎಂದು ಹೇಳಿದರೆ ಯಂತ್ರ ‘ಮಾಡುವುದೇನೂ ಬಾಕಿಯಿಲ್ಲ’ ಎನ್ನುತ್ತಿತ್ತು. ನನ್ನ ಅಂಗಡಿಯಲ್ಲಿ ಯಾರಾದರೂ ಹೀಗಂದಿದ್ದರೆ ಅಂದೇ ಮನೆಗೆ ಕಳಿಸುತ್ತಿದ್ದೆ.

ಬೇಸತ್ತು ಟೀ ಕುಡಿಯಲು ಎದ್ದೆವು. ನಮ್ಮ ಟೀ ಎಂದರೆ ಊರಿನ ಸುದ್ದಿಯೆಲ್ಲ ಮುಗಿಯಬೇಕು. ಬಂದು ಏನೋ ಒಂದಿಷ್ಟು ತಿದ್ದಿ ಉಳಿಸಿದಳು. ಈ ಸಲ ಕಟ್ಟಿತು. ಆಗ ಇನ್ನೊಂದು ತಪ್ಪು ಕಂಡಿತು. ಅದನ್ನೂ ತಿದ್ದಿದಳು. ಮತ್ತೆ ‘ಬಾಕಿಯಿಲ್ಲ’.

"ಟೀ ಕುಡಿದ್ರೆ ಕಟ್ಟುತ್ತೆ ಅಂದ್ರೆ ಇನ್ನೊಂದ್ ಸಲ ಇಡ್ತೀನಿ," ಎಂದರು ಭಾವ ಸೋಫಾದಿಂದ.

ಅಕ್ಕ ಕಟ್ಟಿದ ತುಣುಕಿನ ಮೇಲಿದ್ದ ಸಮಯವನ್ನೇ ದಿಟ್ಟಿಸುತ್ತಿದ್ದಳು. "ನಿನ್ ವಾಚಲ್ಲಿ ಎಷ್ಟು?"

"ಹನ್ನೊಂದೂವರೆ."

"ಇಲ್ಲಿ ಆಗ್ಲೇ ಹನ್ನೊಂದೂ ಮುಕ್ಕಾಲು ದಾಟಿದೆ," ಎಂದು ಹಣೆ ಹಿಡಿದುಕೊಂಡು ನಗತೊಡಗಿದಳು.

ಸರಿಯಾದ ಹೊತ್ತು ತಿಳಿಯಲು ಭಾವ ಕದ್ದು ಲ್ಯಾಪ್‌ಟಾಪ್ ನೋಡುತ್ತಾರೆಂದು ಗೊತ್ತಾಗಿ, ಹೋದ ಭಾನುವಾರ ಅದನ್ನೂ ಮುಂದೆ ತಿರುಗಿಸಿಬಿಟ್ಟಿದ್ದಳಂತೆ. ತಿದ್ದಿದ ಬರಹ ಉಳಿಯುವುದು ಆಸ್ಪತ್ರೆಯ ಯಂತ್ರದಲ್ಲಿ; ಅದಕ್ಕೆ ಬೀಳುವುದು ಅಲ್ಲಿಯ ಸರಿಯಾದ ಸಮಯ. ಅದರಿಂದ ಕಟ್ಟಿದ ತುಣುಕಿಗೆ ಮನೆಯ ಲ್ಯಾಪ್‌ಟಾಪಿನ ಸಮಯ. ಎರಡನ್ನೂ ಹೋಲಿಸಿದ ಲ್ಯಾಪ್‌ಟಾಪ್, ಕಟ್ಟಿದ್ದೇ ತಿದ್ದಿದ್ದಕ್ಕಿಂತ ಹೊಸದು ಎಂದುಕೊಂಡು ಕೈಕಟ್ಟಿ ಕೂರುತ್ತಿತ್ತು. ಹಿಂದಿನ ಸಲ ಕಟ್ಟಿ ಇಪ್ಪತ್ತು ನಿಮಿಷ ಮೀರಿದ ಮೇಲೆ ತಿದ್ದಿದರೆ ಮಾತ್ರ ಎದ್ದು ಕೆಲಸಕ್ಕೆ ಬರುತ್ತಿತ್ತು. ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದಳು ನಮ್ಮಕ್ಕ.

"ಮೊದಲ್ನೇ ತಪ್ಪು ಓದಿ ಅಂತ ಊರಿಗೆಲ್ಲಾ ಹೇಳ್ತೀನಿ," ಎಂದು ಭಾವನ ಕಡೆ ತಿರುಗಿದಳು. "ನನ್ನ ಮೊದಲ್ನೇ ತಪ್ಪು ಇಲ್ಲೇ ಸೋಫಾ ಮೇಲಿದೆ."

ನಾನು ನಕ್ಕೆ. ಭಾವ ನಗಲಿಲ್ಲ. ಟೀ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದರು.

ಅಕ್ಕ ಹಳೆಯ ತುಣುಕುಗಳನ್ನೆಲ್ಲ ಅಳಿಸಿ, ಲ್ಯಾಪ್‌ಟಾಪಿನ ಸಮಯ ಸರಿಮಾಡಿ, ಮೊದಲಿನಿಂದ ಕಟ್ಟಿದಳು. ಗೆರೆ ಬಂತು. ಆ ಹುರುಪಿನಲ್ಲೇ ಮನೆಯ ಗಡಿಯಾರಗಳನ್ನೂ ಒಂದೊಂದಾಗಿ ಹಿಂದೆ ತಿರುಗಿಸಿದಳು. ಮೂರು ಗಂಟೆಗೆ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆ ಗೆರೆಯ ಮೇಲೆ ಬೆರಳಾಡಿಸಿ, "ಇದು ಇರ್ಲಿ ಡಾಕ್ಟ್ರೇ, ನನ್ ಕಣ್ಣಿಗೆ ಪೆನ್ಸಿಲ್ ಗೆರೆ ಕಾಣಲ್ಲ," ಅಂದರಂತೆ. ಡಾಕ್ಟರು ಹೂಂ ಅಂದರಂತೆ. ಇದೆಲ್ಲ ಅಕ್ಕ ಸಂಜೆ ಹೇಳಿದ್ದು. ನಾನೇ ಕಂಡದ್ದು ಅವಳು ಹೊರಟ ಗಳಿಗೆ.

ಸೀರೆ ಉಟ್ಟು ಮುಗಿಸಿದಾಗಲೇ ಅವಳಿಗೆ ದಿಗಿಲಾದದ್ದು. ಸ್ಕೂಟರಿನಲ್ಲಿ ಬಿಡಬೇಕಾದವರು ಭಾವ. ಗಡಿಯಾರ ಸರಿಯಾದದ್ದು ತಿಳಿಯದೆ, ರೂಢಿಯಂತೆ ಇಪ್ಪತ್ತು ಕಳೆದು ಮಲಗಿಬಿಟ್ಟರೆ ಸಭೆ ಮುಗಿದ ಹಾಗೆಯೇ. "ಏನ್ರೀ, ಇವತ್ತು ಕಳೀಬೇಡಿ," ಎಂದು ಕೂಗುತ್ತ ಕೋಣೆ ಕೋಣೆ ಹುಡುಕಿದಳು. ಎಲ್ಲೂ ಇಲ್ಲ.

ಭಾವ ಗೇಟಿನ ಹೊರಗೆ ಬಿಸಿಲಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದರು. ಬೆವರು ಗದ್ದದಿಂದ ಇಳಿಯುತ್ತಿತ್ತು.

"ಯಾವಾಗ್ಲಿಂದ ನಿಂತಿದೀರಿ?"

"ಇಪ್ಪತ್ ನಿಮಿಷ ಆಯ್ತು," ಎಂದರು.

ಅಕ್ಕ ಹಿಂದೆ ಕೂತು ಅವರ ಭುಜ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.