ನೆಟ್ ಬಿಗಿಯುತ್ತಿದ್ದ ಮೇಷ್ಟ್ರು

ಹೋದ ವಾರ ಬೆಳಿಗ್ಗೆ ಏಳರ ಹೊತ್ತಿಗೆ ಹರಿಹರದ ಶಾಲೆಯೊಂದರ ಮೈದಾನದ ಗೇಟಿನ ಬಳಿ ನಿಂತಿದ್ದೆ. ಒಳಗೆ ಸುಣ್ಣದ ಪುಡಿಯಿಂದ ಓಟದ ಗೆರೆ ಎಳೆಯುತ್ತಿದ್ದರು. ಆ ವಾಸನೆಗೆ ನನ್ನ ಕಾಲು ಮುಂದೆ ಹೋಗಲಿಲ್ಲ. ಮೇಷ್ಟ್ರ ಅಂಗಿಯ ತೋಳಲ್ಲಿ ಸದಾ ಇದೇ ವಾಸನೆ...

ನಾವಿಬ್ಬರೂ ಒಂದೇ ವಿಶ್ವವಿದ್ಯಾಲಯದಲ್ಲಿದ್ದೆವು. ನಾನು ವಾಣಿಜ್ಯ, ಅವರು ದೈಹಿಕ ಶಿಕ್ಷಣ. ಹರಿಹರದಿಂದ ಒಂದೇ ಬಸ್ಸು. ಬಡ್ತಿಗೆ ಬೇಕಾದ ತರಬೇತಿಗೆ ಅವರು ರಜೆ ಕೇಳಿದಾಗಲೆಲ್ಲ ಕಚೇರಿಯಲ್ಲಿ ಒಂದೇ ಮಾತು: "ನೀವು ಹೋದ್ರೆ ಗ್ರೌಂಡ್ ಯಾರು ನೋಡ್ತಾರ್ರಿ?" ಕ್ರೀಡಾಕೂಟಕ್ಕೂ ಅವರೇ, ಘಟಿಕೋತ್ಸವದ ಕುರ್ಚಿ ಹಾಕಿಸಲೂ ಅವರೇ. ಸಂಶೋಧನಾ ಲೇಖನ ಬರೆಯಲು ಕೂತರೆ ಯಾರಾದರೂ ಬಂದು ಎಬ್ಬಿಸುತ್ತಿದ್ದರು. ಜೊತೆಗೆ ಸೇರಿದವರು ಪ್ರಾಧ್ಯಾಪಕರಾದರು, ಅವರು ಸೇರಿದ ಹುದ್ದೆಯಲ್ಲೇ ಉಳಿದರು.

ನಿವೃತ್ತಿಗೆ ಮುಂಚೆ ಬಡ್ತಿಯ ಸಂದರ್ಶನಕ್ಕೆ ಕರೆ ಬಂತು. ಅದೇ ಕೊನೆಯ ಅವಕಾಶ. ಅಂದು ನನ್ನದೂ ಇತ್ತು. ಮಹಡಿಯ ಮೇಲೆ ಕಾಯುತ್ತಿದ್ದೆವು. ಅವರ ಕೋಟಿನ ಜೇಬಿನಿಂದ ಸೀಟಿಯ ದಾರ ಇಣುಕುತ್ತಿತ್ತು.

"ಇಲ್ಲಿಗೂ ಸೀಟಿ ತಂದೀರಲ್ರೀ ಮೇಷ್ಟ್ರೇ, ಒಳಗಿದ್ದೋರ್ನ ಸಾಲಾಗಿ ನಿಲ್ಲಿಸ್ತೀರೇನು?" ಎಂದೆ.

ಅವರು ನಗಲಿಲ್ಲ. "ಎಷ್ಟು ಪೇಪರ್ ಬರ್ದೀರಿ ಅಂದ್ರೆ ಏನ್ ಹೇಳ್ಲಿ, ಹೇಳ್ರಿ?"

ಅಷ್ಟರಲ್ಲಿ ಕೆಳಗೆ ಮೈದಾನದಲ್ಲಿ ಹುಡುಗರ ಜಗಳ. ಅಧಿಕಾರಿಯೊಬ್ಬರು ಓಡಿಬಂದು, "ಮೇಷ್ಟ್ರೇ, ಒಂದೀಟು ಬಿಡಿಸಿ ಬರ್ರಿ" ಎಂದರು.

"ಮುಂದಿನ ಹೆಸ್ರು ನಿಮ್ದೇ ಐತೆ, ಹೋಗ್‌ಬ್ಯಾಡ್ರಿ ಸಾ" ಎಂದ, ಬಾಗಿಲಲ್ಲಿದ್ದ ಜವಾನ. ಅವರು ಹೋದರು.

ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವರು ತಲುಪುವ ಮುಂಚೆಯೇ ಜಗಳ ಮುಗಿದು ಹುಡುಗರು ಚದುರಿದ್ದರು. ಮೇಷ್ಟ್ರು ವಾಪಸು ಬರಲಿಲ್ಲ. ವಾಲಿಬಾಲ್ ನೆಟ್ಟಿನ ಹಗ್ಗ ಬಿಚ್ಚಿ ಮತ್ತೆ ಬಿಗಿಯತೊಡಗಿದರು. ಪಕ್ಕದ ಕಿಟಕಿಯಿಂದ ಜವಾನ ಅವರನ್ನು ಕೂಗಿದ, ಮತ್ತೆ ಕೂಗಿದ. ನನಗೆ ಬೇವಿನ ಕೊಂಬೆ ಅಡ್ಡ. ಅವರ ಕೈ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಒಳಗೆ ಗೈರುಹಾಜರಿ ಹಾಕಿ, ಮುಂದಿನವರನ್ನು ಕರೆದರು.

ಸಂಜೆ ಬಸ್ಸಿನಲ್ಲಿ, "ಕೂಗಿದ್ದು ಕೇಳಿಸ್ಲಿಲ್ಲೇನ್ರಿ?" ಎಂದೆ.

"ನೆಟ್ಟು ಸಡ್ಲಾಗಿತ್ತು" ಎಂದರು, ಅಷ್ಟೇ...

ಮೇಷ್ಟ್ರು ಈಗಿಲ್ಲ. ಅವರನ್ನೇ ಇನ್ನೊಮ್ಮೆ ಕೇಳುವ ಹಾಗಿಲ್ಲ. ಅದನ್ನು ಕಂಡವರಲ್ಲಿ ಉಳಿದಿರುವುದು ನಾನು, ಮತ್ತೆ ದಾವಣಗೆರೆಯ ಆನೆಕೊಂಡದಲ್ಲಿ ಮಗಳ ಮನೆಯಲ್ಲಿರುವ ಆ ಜವಾನ. ಹರಿಹರದ ಮೈದಾನದಿಂದ ನೇರ ಅಲ್ಲಿಗೇ ಹೋಗಿ ಕೇಳಿದೆ.

"ಕೇಳಿಸ್ತು ಸಾ" ಎಂದ. "ಕೂಗಿದಾಗೆಲ್ಲ ತಲೆ ಎತ್ತಿ ನನ್ನೇ ನೋಡಿದ್ರು."