ಸೀನಕ್ಕನ ಮೂಗು

ಮರಗಳು ಹೂ ಬಿಟ್ಟವೆಂದರೆ ಸಮವಸ್ತ್ರ ಹೊಲಿಯುವವಳ ಮನೆಯಿಂದ ಒಂದರ ಹಿಂದೊಂದು ಸೀನು ಕೇಳಿಸುತ್ತಿತ್ತು. ಓಣಿಯವರು ಅವಳಿಗೆ ಸೀನಕ್ಕ ಎಂದೇ ಹೆಸರಿಟ್ಟಿದ್ದರು. ಅವಳೂ ನಕ್ಕು ಓಗೊಡುತ್ತಿದ್ದಳು. ವಾಸನೆ ಹತ್ತುವುದೇ ನಿಂತುಹೋಗಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ನೆಗಡಿಗೆಲ್ಲ ಡಾಕ್ಟರ ಹತ್ತಿರ ಓಡುವುದೇ ಎಂಬ ಉದಾಸೀನ.

ಹೊಲಿಗೆ ಯಂತ್ರದ ಪಕ್ಕದ ಮಂಚದಲ್ಲೇ ಸೊಂಟ ಮುರಿದುಕೊಂಡ ಅತ್ತೆ ಮಲಗಿದ್ದರು. ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲ ಸೊಸೆಯದೇ. "ನಮ್ಮತ್ತೇನ ಹೂವಿನ ಹಾಗೆ ಇಟ್ಕೊಂಡಿದ್ದೀನಿ" ಎಂದು ಬಂದವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಬಂದ ನಾದಿನಿ ಹೊಸ್ತಿಲಲ್ಲೇ ನಿಂತು ಮೂಗಿಗೆ ಕರವಸ್ತ್ರ ಒತ್ತಿದಳು.

"ಅತ್ತಿಗೆ, ನಿಮ್ಗೆ ಗೊತ್ತಾಗ್ತಿಲ್ವಾ?"

ಹೊದಿಕೆ ಸರಿಸಿದರೆ ಹಾಸಿಗೆಯೆಲ್ಲ ಹೊಲಸು. ಒಣಗತೊಡಗಿತ್ತು, ಅತ್ತೆಯ ಚರ್ಮ ಕೆಂಪಾಗಿ ಸುಲಿದಿತ್ತು. ಸೊಸೆಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಈಗಷ್ಟೇ ಆಗಿರ್ಬೇಕು" ಎಂದಳು.

"ಹೂಂ, ಈಗ್ಲೇ" ಎಂದರು ಅತ್ತೆ. ಮಗಳ ಮುಂದೆ ಅವರೂ ಸುಳ್ಳು ಹೇಳಿದರಲ್ಲ ಎಂಬುದು ಅವಳನ್ನು ಇನ್ನಷ್ಟು ಚುಚ್ಚಿತು.

ಮರುದಿನ ಮೂಗಿನ ಡಾಕ್ಟರು ಬೆಳಕು ಬಿಟ್ಟು ನೋಡಿದರು. "ಅಲರ್ಜಿಗೆ ಒಳಗೆಲ್ಲ ಊದಿಕೊಂಡಿದೆ. ವಾಸನೆ ಮೇಲಕ್ಕೆ ಹೋಗೋಕೆ ದಾರೀನೇ ಇಲ್ಲ. ಇಷ್ಟು ದಿನ ಯಾಕೆ ಸುಮ್ನಿದ್ರಿ?" ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಯುವುದನ್ನೂ, ಸ್ಪ್ರೇಯನ್ನು ಎರಡು ಹೊಳ್ಳೆಗಳ ನಡುಗೋಡೆಗಲ್ಲ, ಕಿವಿಯ ಕಡೆಗೆ ಓರೆಯಾಗಿ ಹೊಡೆಯುವುದನ್ನೂ ಅವರು ಕಲಿಸಿದರು. "ಸೀನು ಬಂದಾಗ ಮಾತ್ರ ಅಲ್ಲ, ದಿನಾ ಹಾಕ್ಬೇಕು. ಊತ ಇಳಿದ್ರೆ ತುಂಬ ಜನರಿಗೆ ವಾಸನೆ ಮರಳುತ್ತೆ. ಖಂಡಿತ ಅಂತ ಹೇಳಲಾರೆ."

ಸಂಜೆ ಅತ್ತೆಗೆ ಎಲ್ಲ ಹೇಳಿದಳು.

"ಗೊತ್ತಿತ್ತು ಕಣೇ. ಸೀದ ಹಾಲು ಕುಡಿಸಿದ್ಯಲ್ಲ, ಆವತ್ತೇ ಗೊತ್ತಾಯ್ತು."

"ಹಾಗಿದ್ರೆ ಹಾಸಿಗೆ ಹೊಲಸಾದಾಗ ನನ್ನ ಕರೀಬಾರ್ದಿತ್ತಾ?"

"ಏನಂತ ಕರೀಲಿ? ನಿಂಗೆ ವಾಸ್ನೆ ಬರಲ್ಲ ಅನ್ನೋದೊಂದೇ ನಂಗೆ ಸಮಾಧಾನ ಆಗಿತ್ತು."

ಸೊಸೆ ಔಷಧಿಯನ್ನು ಒಂದು ದಿನವೂ ಬಿಡಲಿಲ್ಲ.

ಕೆಲವು ವಾರ ಕಳೆದವು. ಮೊದಲು ಯಂತ್ರದ ಎಣ್ಣೆಯ ವಾಸನೆ ಎಲ್ಲೋ ದೂರದಿಂದ ಬಂದಂತೆ ಬಂತು. ಆಮೇಲೊಂದು ಬೆಳಿಗ್ಗೆ, ಕತ್ತರಿ ಹಿಡಿದು ಕೂತವಳಿಗೆ ಮಂಚದ ಕಡೆಯಿಂದ ಗಪ್ಪನೆ ವಾಸನೆ ಹೊಡೆಯಿತು. ತಡೆಯುವಷ್ಟರಲ್ಲಿ ಮುಖ ಕಿವುಚಿಕೊಂಡಿತ್ತು. ಅತ್ತೆ ನೋಡುತ್ತಲೇ ಇದ್ದರು.

"ಬಂತಾ?"

"ಬಂತು ಅತ್ತೆ."

ಮುದುಕಿ ಗೋಡೆಯ ಕಡೆಗೆ ಮುಖ ತಿರುಗಿಸಿದರು. ಸೊಸೆ ಬಿಸಿನೀರು ತಂದು ಒರೆಸತೊಡಗಿದಳು. ಮುಗಿಯುವವರೆಗೂ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.