ಹನ್ನೆರಡು ಮೊಣಕಾಲುಗಳ ಗುಟ್ಟು

ಮೊಣಕಾಲಿಗೆ ಬಿಗಿಯುವ ಒಂದು ನೀ-ಕ್ಯಾಪಿಗೆ ಚೆನ್ನೈಯ ಪೆರಿಯಮೇಡಿನ ಆಟದ ಸಾಮಾನಿನ ಅಂಗಡಿಯವನು ಹೇಳಿದ ಬೆಲೆ ನಾನೂರು ರೂಪಾಯಿ. ನಾನು ಕೊಟ್ಟದ್ದು ಇನ್ನೂರ ಹತ್ತು. ಅಷ್ಟು ಇಳಿಸಲು ಸಾಧ್ಯವಾದದ್ದು ಒಂದರ ಬದಲು ಹನ್ನೆರಡು ಕೊಂಡದ್ದರಿಂದ; ಹನ್ನೆರಡು ಕೊಂಡದ್ದು ನೋಯುತ್ತಿದ್ದ ಮೊಣಕಾಲು ಒಂದೇ ಆಗಿದ್ದರಿಂದ. ಈ ತರ್ಕದಲ್ಲಿ ಎಲ್ಲೋ ಲೆಕ್ಕ ತಪ್ಪಿದೆ ಎಂದು ನಿಮಗೆ ಅನ್ನಿಸಿದರೆ ನೀವು ನನ್ನ ಹೆಂಡತಿಯ ಪಕ್ಷದವರು. ಪೊಟ್ಟಣ ಬಿಚ್ಚಿದಾಗ ಅವಳು ಆ ಕರಿಯ ಪಟ್ಟಿಗಳನ್ನು ಮಂಚದ ಮೇಲೆ ಸಾಲಾಗಿ ಮಲಗಿಸಿ, ಅವುಗಳನ್ನೂ ನನ್ನನ್ನೂ ಬಾರಿಬಾರಿಗೆ ನೋಡಿ, "ಎಂತಕ್ಕೆ ಹನ್ನೆರಡ್? ಆನೆಗೂ ಇಪ್ಪುದ್ ನಾಲ್ಕೇ ಕಾಲ್" ಎಂದಳು. ಮದುವೆಯಾಗಿ ಇಷ್ಟು ವರ್ಷ ಚೆನ್ನೈಯಲ್ಲಿದ್ದರೂ ನನ್ನನ್ನು ಹಂಗಿಸುವುದಕ್ಕೆ ಅವಳಿಗೆ ಕುಂದಾಪುರದ ಕನ್ನಡವೇ ಆಗಬೇಕು.

ಕಾರಣ ಹೇಳುತ್ತೇನೆ. ನಮ್ಮ ಮಗಳು ರಕ್ಷಿತಾ ತನ್ನ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಏಳನೆಯ ನಂಬರಿನ ಅಂಗಿ ತೊಡುತ್ತಿದ್ದವಳು. ಆ ತಂಡದ ಕೋಚ್ ಸಾರ್ ಪಾಲಿಸಿಕೊಂಡು ಬಂದ ಒಂದು ಪದ್ಧತಿಯಿತ್ತು: ಒಬ್ಬಳ ಕಾಲಿಗೆ ಪೆಟ್ಟಾದರೆ ಹನ್ನೆರಡು ಮಂದಿಯೂ ಅದೇ ಕಾಲಿಗೆ ಅದೇ ಬಣ್ಣದ ಪಟ್ಟಿ ಬಿಗಿದುಕೊಂಡು ಆಟಕ್ಕಿಳಿಯಬೇಕು. ನೋಯುವ ಕಾಲು ಯಾವುದೆಂದು ತಿಳಿದರೆ ಎದುರಾಳಿಗಳು ಆ ಕಡೆಯಿಂದಲೇ ನುಗ್ಗುತ್ತಾರೆ, ಆದ್ದರಿಂದ ಹನ್ನೊಂದು ಆರೋಗ್ಯವಂತ ಮೊಣಕಾಲುಗಳು ಒಂದು ರೋಗಿಷ್ಠ ಮೊಣಕಾಲಿನ ಸಲುವಾಗಿ ಸಾಮೂಹಿಕ ವೇಷ ಧರಿಸಬೇಕು. ಕೇಳುವುದಕ್ಕೆ ಸೊಗಸಾಗಿದೆ. ನನಗೂ ಸೊಗಸೆನಿಸಿತ್ತು. ಅಗ್ಗದಲ್ಲಿ ತರುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂತು.

ಯಾಕೆಂದರೆ ಚೌಕಾಸಿ ನನ್ನ ವಿದ್ಯೆ, ವೃತ್ತಿ, ಬಹುಶಃ ವ್ಯಾಧಿ ಕೂಡ. ತ್ರಿಪ್ಲಿಕೇನಿನ ಒಂದು ಮೆಸ್ಸಿನಲ್ಲಿ ಎಲೆ ಹಾಕುವುದರಿಂದ ಶುರುಮಾಡಿದ ನಾನು ಈಗ ಅಂಬತ್ತೂರಿನ ಒಂದು ಶೆಡ್ಡಿನಲ್ಲಿ ಕೂತು, ಮುಚ್ಚುವ ಹೋಟೆಲುಗಳ ಗ್ರೈಂಡರು, ಬಾಯ್ಲರು, ದೋಸೆಕಲ್ಲುಗಳನ್ನು ಕೊಂಡು ತೆರೆಯುವ ಹೋಟೆಲುಗಳಿಗೆ ಮಾರುತ್ತೇನೆ. ಒಬ್ಬರ ಅವಸಾನಕ್ಕೂ ಇನ್ನೊಬ್ಬರ ಆರಂಭಕ್ಕೂ ನಡುವೆ ನಿಂತು ಎರಡೂ ಕಡೆ ಕೊಸರಾಡುವ ಕಸುಬು. ಇದರಲ್ಲಿ ನಾನು ಕಲಿತ ಮುಖ್ಯ ಪಾಠವೆಂದರೆ ಸಾಮಾನಿನ ಐಬನ್ನು ಮಾರುವವನೇ ಮೊದಲು ಹೇಳಿಬಿಡಬೇಕು ಎನ್ನುವುದು. "ಈ ಗ್ರೈಂಡರಿನ ಕಲ್ಲಿನಲ್ಲಿ ಒಂದು ಸೀಳಿದೆ ಸ್ವಾಮಿ, ಹಿಟ್ಟಿಗೆ ತೊಂದರೆಯಿಲ್ಲ, ಸದ್ದು ಸ್ವಲ್ಪ ಜಾಸ್ತಿ" ಎಂದು ನಾನಾಗಿ ಹೇಳಿದರೆ ಗಿರಾಕಿ ಆ ಸೀಳಿಗೆ ತಕ್ಕಷ್ಟು ಮಾತ್ರ ಬೆಲೆ ಇಳಿಸುತ್ತಾನೆ. ಅವನಾಗಿ ಕಂಡುಹಿಡಿದರೆ ಇಲ್ಲದ ಐಬುಗಳಿಗೂ ಸೇರಿಸಿ ಇಳಿಸುತ್ತಾನೆ. ಇದನ್ನು ದಯವಿಟ್ಟು ಸತ್ಯಸಂಧತೆಯೆಂದು ಭ್ರಮಿಸಬೇಡಿ. ಸತ್ಯವೇ ಹೆಚ್ಚು ಲಾಭದಾಯಕವಾಗಿರುವ ಅಪರೂಪದ ವ್ಯಾಪಾರ ನನ್ನ ಪಾಲಿಗೆ ಬಂದಿದೆ, ಅಷ್ಟೆ.

ಹಾಗಾಗಿ, ಅಭ್ಯಾಸದ ವೇಳೆ ರಕ್ಷಿತಾಳ ಬಲ ಮೊಣಕಾಲು ಹೊರಳಿ, ಡಾಕ್ಟರು ಅದನ್ನು ಅತ್ತಿತ್ತ ಬಾಗಿಸಿ ನೋಡಿ, "ಒಳಗಿನ ಲಿಗಮೆಂಟ್ ಎಳೆದಿದೆ, ಹರಿದಿಲ್ಲ; ಒಂದು ತಿಂಗಳು ಹಾರಬಾರದು" ಎಂದಾಗ ನನ್ನ ಮೊದಲ ಸಲಹೆ ನನ್ನ ಅಂಗಡಿಯದೇ ಆಗಿತ್ತು. ಮುಂದಿನ ವಾರವೇ ಅಂತರ ಕಾಲೇಜು ಪಂದ್ಯದ ಫೈನಲ್ ಇತ್ತು. ಕ್ರೀಡಾ ಕೋಟಾದಲ್ಲಿ ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಒಂದು ದೊಡ್ಡ ಕಚೇರಿಯವರು ಅದನ್ನು ನೋಡಲು ಬರುವವರಿದ್ದರು. ಆ ಕೆಲಸದ ಮೇಲೆ ಅವಳು ಶಾಲೆಯ ದಿನಗಳಿಂದ ಕಣ್ಣಿಟ್ಟಿದ್ದಳು. ಬಂದವರಿಗೆ ಮೊದಲೇ ಹೇಳಿಬಿಡೋಣ, ಹಳೆಯ ಆಟದ ವಿಡಿಯೋ ತೋರಿಸೋಣ, ಒಂದು ತಿಂಗಳ ಮೇಲೆ ಕರೆಸಿ ಪರೀಕ್ಷೆ ಮಾಡಿ ಎಂದು ಕೇಳೋಣ ಎಂದೆ. ಐಬನ್ನು ಮೊದಲು ಹೇಳಿದರೆ ಎಂಬ ನನ್ನ ಉಪನ್ಯಾಸ ಪೂರ್ತಿಯಾಗುವ ಮೊದಲೇ ಅವಳು ತಲೆಯೆತ್ತಿ, "ನಾನ್ ಎನ್ನ ಗ್ರೈಂಡರಾಪ್ಪಾ?" ಎಂದಳು.

ಅವಳು ನಮ್ಮ ಕನ್ನಡವನ್ನು ಪೂರ್ತಿ ಅರ್ಥಮಾಡಿಕೊಂಡು ಪೂರ್ತಿ ತಮಿಳಿನಲ್ಲಿ ಉತ್ತರಿಸುವ ಹುಡುಗಿ. ನಾನೇನು ಗ್ರೈಂಡರೇ ಎಂದು ಮಗಳು ಕೇಳಿದ ಮೇಲೆ ನಾನು ಉಪನ್ಯಾಸವನ್ನು ಅಲ್ಲಿಗೇ ಮಡಿಚಿಟ್ಟೆ.

ಪೆಟ್ಟಿನ ಸುದ್ದಿ ಹೊರಬಿದ್ದರೆ ಕೆಲಸ ಕೈತಪ್ಪುತ್ತದೆಂಬ ಅವಳ ಭಯ ನಿರಾಧಾರವಾಗಿರಲಿಲ್ಲ. ಹಿಂದಿನ ವರ್ಷ ಅದೇ ತಂಡದ ಕವಿತಾ ಎಂಬ ಹುಡುಗಿಗೆ ಪಾದ ಉಳುಕಿದಾಗ ಕಾಲೇಜಿನವರು ಪ್ರೀತಿಯಿಂದಲೇ ಅದನ್ನು ತಮ್ಮ ಫೇಸ್‌ಬುಕ್ ಪುಟದಲ್ಲಿ ಹಾಕಿ ಬೇಗ ಗುಣಮುಖಳಾಗಲೆಂದು ಹಾರೈಸಿದ್ದರು. ಅವಳು ಬೇಗ ಗುಣಮುಖಳೂ ಆದಳು. ಆದರೆ ಪುಟದಲ್ಲೇ ಉಳಿದ ಆ ಹಾರೈಕೆ ಗುಣವಾಗಲಿಲ್ಲ. ಅವಳು ಎಲ್ಲಿ ಆಯ್ಕೆಗೆ ಹೋದರೂ ಆಟ ನೋಡುವ ಮೊದಲೇ "ಆ ಕಾಲು ಹೇಗಿದೆ ಈಗ" ಎಂದು ಕೇಳುವವರು ಹುಟ್ಟಿಕೊಂಡರು. ಹೇಗಿದೆಯೆಂದು ಅವಳು ಓಡಿ ತೋರಿಸಿದರೆ ಕಾಲನ್ನೇ ನೋಡಿದರು, ಓಟವನ್ನು ನೋಡಲಿಲ್ಲ. ಕೊನೆಗೆ ಅವಳು ಪೆರುಂಗುಡಿಯ ಒಂದು ಕಂಪನಿಯಲ್ಲಿ ಫೋನಿಗೆ ಉತ್ತರಿಸುವ ಕೆಲಸಕ್ಕೆ ಸೇರಿದಳು. ರಕ್ಷಿತಾ ಇದನ್ನೆಲ್ಲ ನೆನಪಿಸಿ, "ಯಾರಿಟ್ಟೆಯೂ ಸೊಲ್ಲಿಡಾದೀಂಗಪ್ಪಾ" ಎಂದು, ತಂಡದಾಚೆ ಯಾರಿಗೂ ಹೇಳಬಾರದೆಂದು, ನನ್ನ ಕೈ ಹಿಡಿದು ಮಾತು ತೆಗೆದುಕೊಂಡಳು. ನಾನು ಕೋಚ್ ಸಾರ್ ಜೊತೆ ಚೌಕಾಸಿಗಿಳಿದೆ. ಅವಳು ಆಡಲಿ, ಆದರೆ ಹಾರಬಾರದು. ನಿಂತಲ್ಲಿಂದ ಎಸೆಯಲಿ, ಪಾಸ್ ಕೊಡಲಿ. ಅವರು ಒಪ್ಪಿದರು. ಒಳ್ಳೆಯ ವ್ಯವಹಾರ ಕುದುರಿಸಿದೆನೆಂಬ ಸಮಾಧಾನದಲ್ಲೇ ನಾನು ಪೆರಿಯಮೇಡಿಗೆ ಹೋದದ್ದು.

ಫೈನಲ್ಲಿನ ಸಂಜೆ ನಾನೂ ಅವಳ ಅಮ್ಮನೂ ಮೆಟ್ಟಿಲ ಮೇಲೆ ಜಾಗ ಹಿಡಿದೆವು. ಹನ್ನೆರಡು ಬಲ ಮೊಣಕಾಲುಗಳೂ ಕಪ್ಪಾಗಿ ಹೊಳೆಯುತ್ತಾ ಬಂದವು. ಎದುರಾಳಿ ಹುಡುಗಿಯರು ಪಿಳಿಪಿಳಿ ನೋಡಿದರು. ನಾನು ಹೆಂಡತಿಗೆ ಮೊಣಕೈಯಲ್ಲಿ ತಿವಿದೆ. ಗುಟ್ಟು ಸರ್ವಾಂಗಸುಂದರವಾಗಿ ಉಳಿದಿತ್ತು. ಎಷ್ಟು ಚೆನ್ನಾಗಿ ಉಳಿಯಿತೆಂದರೆ ಏಳನೆಯ ನಂಬರು ಹಾರದೆ ನಿಂತದ್ದಕ್ಕೆ ಅಲ್ಲಿದ್ದವರ ಕಣ್ಣಿಗೆ ಒಂದೇ ಕಾರಣ ಉಳಿಯಿತು. ಹಿಂದಿನ ಮೆಟ್ಟಿಲಿನಿಂದ ಯಾವನೋ ಪಡ್ಡೆ, "ಏಳಾಂ ನಂಬರ್, ಷೇರ್ ಆಟೋ ಪಿಡಿಚ್ಚು ವಾಮ್ಮಾ" ಎಂದು ಕೂಗಿದ, ನಗೆ ಎದ್ದಿತು. ಷೇರ್ ಆಟೋ ಹಿಡಿದು ಬರಲಿಕ್ಕೆ ಹೇಳಿದವನ ಪಕ್ಕದವನು ಅದಕ್ಕೂ ಮುಂದೆ ಹೋಗಿ, "ಆಟೋ ವಂದಾಲುಂ ಏರಮಾಟ್ಟಾ ಡಾ, ಸೋಂಬೇರಿ" ಎಂದ. ಆಟೋ ಬಂದರೂ ಹತ್ತದಷ್ಟು ಸೋಂಬೇರಿಯಂತೆ. ಆ ಒಂದು ಪದ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು, ಅವಳ ಕೈಗೆ ಚೆಂಡು ಬಂದಾಗಲೆಲ್ಲ ತಾಳ ಹಾಕಿದಂತೆ ಕೇಳಿಸತೊಡಗಿತು.

ನಮ್ಮ ಮುಂದಿನ ಸಾಲಿನ ಕುರ್ಚಿಗಳಲ್ಲಿ ಆ ಕಚೇರಿಯವರು ಇಬ್ಬರು ಕೂತಿದ್ದರು. ಕನ್ನಡಕದವರು ಇನ್ನೊಬ್ಬರಿಗೆ ನಿಧಾನವಾಗಿ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಹೈಟ್ ಇರುಕ್ಕು, ಕೈ ನಲ್ಲಾ ಇರುಕ್ಕು. ಮನಸು ಇಲ್ಲೆ."

ಎತ್ತರವಿದೆಯಂತೆ, ಕೈ ಚೆನ್ನಾಗಿದೆಯಂತೆ, ಮನಸ್ಸಿಲ್ಲವಂತೆ. ನನ್ನ ಮೊಣಕಾಲಿಗೂ ಅವರ ಬೆನ್ನಿಗೂ ನಡುವೆ ಒಂದು ಗೇಣು ಅಂತರವಿತ್ತು. ದಿವಾಳಿಯಾದ ಹೋಟೆಲಿನ ಮಾಲೀಕನಿಗೆ ಅವನದೇ ಬಾಯ್ಲರನ್ನು ಮರಳಿ ಮಾರಬಲ್ಲ ನನ್ನ ನಾಲಿಗೆ ಹಲ್ಲಿನ ತನಕ ಬಂತು. ಹೆಂಡತಿ ನನ್ನ ಮುಂಗೈ ಹಿಡಿದು, "ಬ್ಯಾಡ. ಮಗಳಿಗೆ ಮಾತ್ ಕೊಟ್ಟಿದ್ರಿ" ಎಂದಳು. ನಾನು ನುಂಗಿಕೊಂಡೆ. ಜೀವನದಲ್ಲಿ ಎಷ್ಟೋ ವ್ಯಾಪಾರಗಳು ಕೈತಪ್ಪಿವೆ, ಆದರೆ ಸರಕಿನ ನಿಜವಾದ ಬೆಲೆ ಗೊತ್ತಿದ್ದೂ ಬಾಯಿ ತೆರೆಯಲಾಗದೆ ಕಳೆದುಕೊಂಡದ್ದು ಅದೊಂದೇ.

ಕೊನೆಯ ಭಾಗದಲ್ಲಿ ಬುಟ್ಟಿಯ ಅಂಚಿಗೆ ತಾಗಿದ ಚೆಂಡು ಮೇಲಕ್ಕೆ ಚಿಮ್ಮಿತು. ಹಿಂದಿನಿಂದ ಅದೇ ಪದ ಮತ್ತೊಮ್ಮೆ ಬಂತು. ರಕ್ಷಿತಾ ಹಾರಿದಳು.

ಎಷ್ಟು ಚೆನ್ನಾಗಿ ಹಾರಿದಳೆಂದರೆ ಕನ್ನಡಕದವರು ಕುರ್ಚಿಯಿಂದ ಅರ್ಧ ಎದ್ದರು. ಚೆಂಡು ಅವಳ ಎರಡೂ ಕೈಗೆ ಸಿಕ್ಕಿತು. ಇಳಿದದ್ದು ಬಲಗಾಲಿನ ಮೇಲೆ.

ಬಿದ್ದವಳ ಬಳಿಗೆ ಪ್ರಥಮ ಚಿಕಿತ್ಸೆಯವರು ಇಬ್ಬರು ಓಡಿಬಂದರು. ಪಟ್ಟಿ ಎಲ್ಲರ ಕಾಲಿನಲ್ಲೂ ಇದ್ದುದರಿಂದ ಅದು ಸಮವಸ್ತ್ರವೆಂದೇ ಅವರು ತಿಳಿದಿದ್ದರು. ಸಣ್ಣ ಸೆಳೆತವಿರಬೇಕೆಂದುಕೊಂಡು, ಕೋಚ್ ಸಾರ್ ರೆಫರಿಯ ಬಳಿ ಫೌಲಿಗಾಗಿ ವಾದಿಸುತ್ತಿದ್ದ ಹೊತ್ತಿನಲ್ಲೇ, ಅವಳ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ನಡೆದರೆ ಸರಿಹೋಗುತ್ತದೆ ಎಂದು ಎರಡು ಹೆಜ್ಜೆ ನಡೆಸಿದರು. ನಾನು ಮೆಟ್ಟಿಲುಗಳ ಮೇಲಿನ ಜನರನ್ನು ತುಳಿದುಕೊಂಡು ಕೆಳಗಿಳಿಯುವಷ್ಟರಲ್ಲಿ ಅವಳು ಮತ್ತೆ ನೆಲದ ಮೇಲಿದ್ದಳು. ಎದುರಾಳಿಗೆ ತಿಳಿಯದಿರಲೆಂದು ಹೂಡಿದ ಉಪಾಯ ಅಷ್ಟು ಸಮರ್ಪಕವಾಗಿತ್ತು. ಅವಳನ್ನು ಕಾಪಾಡಲು ಬಂದವರಿಗೂ ತಿಳಿಯಲಿಲ್ಲ.

ಆಸ್ಪತ್ರೆಯ ವ್ಯಾನಿನಲ್ಲಿ ಅದರ ಸಿಬ್ಬಂದಿಯ ಇಬ್ಬರು ಅಪರಿಚಿತರು ನಮ್ಮೆದುರು ಕೂತಿದ್ದರು. ಅವರಿಗೆ ತಿಳಿಯದಿರಲೆಂದೋ ಏನೋ ರಕ್ಷಿತಾ ಅಪರೂಪಕ್ಕೆ ಕನ್ನಡದಲ್ಲಿ, ಚಿಕ್ಕಂದಿನ ತೊದಲು ಕನ್ನಡದಲ್ಲಿ, "ಅಪ್ಪ, ನಾನ್ ಸೋಂಬೇರಿ ಅಲ್ಲ. ಅವ್ರಿಗೆ ಹೇಳಿ" ಎಂದಳು. ಮೆಟ್ಟಿಲ ಮೇಲಿನವರನ್ನೂ ಕಚೇರಿಯವರನ್ನೂ ಹಿಂದೆ ಬಿಟ್ಟು ವ್ಯಾನು ಆಗಲೇ ಗೇಟು ದಾಟಿತ್ತು. ಹೇಳುತ್ತೇನೆ ಮಗಾ ಎಂದೆ. ಯಾರಿಗೆ ಹೇಳುವುದೆಂದು ನನಗೆ ಗೊತ್ತಿರಲಿಲ್ಲ.

ಹೇಳುವ ಕೆಲಸವನ್ನು ಕಾಲೇಜಿನವರೇ ವಹಿಸಿಕೊಂಡರು. ಮಾರನೆಯ ಬೆಳಗ್ಗೆ ಅವರ ಪುಟದಲ್ಲಿ ನೆಲಕ್ಕೊರಗಿದ ನನ್ನ ಮಗಳ ಚಿತ್ರ, ವೀರಾಂಗನೆಯೆಂಬ ಬಿರುದು, ಹರಿದ ಲಿಗಮೆಂಟಿನ ಹೆಸರು, ಸೇರಿದ ಆಸ್ಪತ್ರೆಯ ಹೆಸರು, ಶಸ್ತ್ರಚಿಕಿತ್ಸೆಯ ವಿವರ ಎಲ್ಲವೂ ಪ್ರಕಟವಾದವು. ಹಿಂದಿನ ದಿನ ಪ್ರಥಮ ಚಿಕಿತ್ಸೆಯ ಆ ಇಬ್ಬರಿಗೆ ತಿಳಿದಿದ್ದರೆ ಸಾಕಾಗಿದ್ದ ವಿಷಯ ಈಗ ಇಡೀ ಊರಿಗೆ ತಿಳಿಯಿತು. ಕುಂದಾಪುರದಿಂದ ನನ್ನ ಅಕ್ಕ ಫೋನು ಮಾಡಿ, "ಕಾಲ್ ಸಮಾ ಆತ್ತಾ? ಮದಿಗೆ ಕಷ್ಟ ಆತಿಲ್ಯಲ್ದಾ?" ಎಂದು ವಿಚಾರಿಸಿದಳು. ಮದುವೆಯ ಪ್ರಸ್ತಾಪವೇ ಇಲ್ಲದ ಹುಡುಗಿಗೆ ಮದುವೆಯ ಕಷ್ಟ ಮೊದಲು ಬಂತು. ಆ ಕಚೇರಿಯಿಂದ ಫೋನು ಬರಲಿಲ್ಲ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಈಗ ಅವಳು ನಡೆಯುತ್ತಾಳೆ, ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಾಳೆ. ಆಡುವುದಿಲ್ಲ. ಟೀವಿಯಲ್ಲಿ ಆಟ ಬಂದರೆ ಎದ್ದು ಅಡುಗೆಮನೆಗೆ ಹೋಗಿ ಅಮ್ಮನಿಗೆ ಬೇಡದ ಸಹಾಯ ಮಾಡುತ್ತಾಳೆ.

ಮೊನ್ನೆ ಕಾಲೇಜಿನಲ್ಲಿ ಪೋಷಕರ ಸಭೆ ಕರೆದಿದ್ದರು. ಇನ್ನು ಮುಂದೆ ಪ್ರತಿ ಪಂದ್ಯಕ್ಕೂ ಮೊದಲು ಗಾಯಗೊಂಡ ಆಟಗಾರರ ಹೆಸರುಗಳನ್ನು ಸಾರ್ವಜನಿಕವಾಗಿ ಪ್ರಕಟಿಸುವುದೆಂದು ಅವರ ಆಲೋಚನೆ. ಪಾರದರ್ಶಕತೆ ಎಂಬ ಪದ ಹಲವು ಬಾರಿ ಬಂತು. ಅನುಭವಸ್ಥರೆಂದು ನನ್ನ ಅಭಿಪ್ರಾಯ ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು ಏಳುವ ಮೊದಲೇ ಪಕ್ಕದಲ್ಲಿದ್ದ ರಕ್ಷಿತಾ ಕೂತಲ್ಲಿಂದಲೇ, "ಎನ್ ಕಾಲ್ ಸಾರ್ ಅದು. ಮೊದಲ್ಲ ಎನ್ನ ಕೇಳುಂಗ" ಎಂದಳು. ಕಾಲು ನನ್ನದು, ಮೊದಲು ನನ್ನನ್ನು ಕೇಳಿ ಎಂದಷ್ಟೇ. ಏಳಹೊರಟಿದ್ದ ನಾನು ಕೂತೇ ಉಳಿದೆ. ನನ್ನ ಭಾಷಣದಲ್ಲಿ ಅದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.

ಮನೆಗೆ ಬರುವಾಗ ಯೋಚಿಸಿದೆ. ನನ್ನ ಗ್ರೈಂಡರಿನ ಸೀಳು ತಾನಾಗಿ ಕೂಡಿಕೊಳ್ಳುವುದಿಲ್ಲ, ಅದು ಐಬು. ಹುಡುಗಿಯ ಮೊಣಕಾಲು ವಿಶ್ರಾಂತಿಗೆ ಬಿಟ್ಟರೆ ಕೂಡಿಕೊಳ್ಳುತ್ತದೆ, ಅದು ಗಾಯ. ಗಾಯವನ್ನು ಐಬೆಂದು ಓದುವ ಊರಿನಲ್ಲಿ, ಆಟಗಾರರನ್ನು ಸೆಕೆಂಡ್ ಹ್ಯಾಂಡ್ ಸಾಮಾನಿನಂತೆ ತಿರುಗಿಸಿ ನೋಡುವವರ ಮುಂದೆ, ಯಾರು ತಾನೇ ಬಾಯಿಬಿಟ್ಟು ಹೇಳಿಯಾರು? ಮುಚ್ಚಿಟ್ಟದ್ದೂ ಆ ಭಯಕ್ಕೆ; ಕಾಲೇಜಿನವರು ಬಿಚ್ಚಿಟ್ಟಾಗ ನಿಜವಾದದ್ದೂ ಆ ಭಯವೇ.

ನಿಮ್ಮ ಮಕ್ಕಳು ಆಡುವವರಾದರೆ ನನ್ನ ಮಾತು ಕೇಳಿ, ಬಿಟ್ಟಿ ಸಲಹೆ. ಪೆಟ್ಟಾದ ದಿನವೇ ಮಗುವನ್ನು ಕೂರಿಸಿಕೊಂಡು, ಯಾರಿಗೆ ಹೇಳಬೇಕು, ಯಾರ ಬಾಯಿಂದ ಹೇಳಬೇಕು ಎಂದು ಕೇಳಿ, ಅದರಂತೆ ನಡೆಯಿರಿ. ಆದರೆ ಪ್ರಥಮ ಚಿಕಿತ್ಸೆಯವರಿಗೆ ಹೇಳುವ ವಿಷಯದಲ್ಲಿ ಚೌಕಾಸಿಗೆ ಎಡೆಕೊಡಬೇಡಿ. ಹಾರಬಾರದೆಂದು ಡಾಕ್ಟರು ಹೇಳಿದರೆ ಸ್ವಲ್ಪ ಆಡುವುದು ಎಂಬ ಮಧ್ಯದ ಬೆಲೆಗೆ ಒಪ್ಪಬೇಡಿ. ಆ ವ್ಯಾಪಾರದಲ್ಲಿ ಮಧ್ಯದ ಬೆಲೆಯಿಲ್ಲ. ಫೋಟೋ ಹಾಕುತ್ತೇವೆಂದು ಕಾಲೇಜಿನವರು ಕೇಳಿದರೆ ಮಗಳ ಕೈಗೆ ಫೋನು ಕೊಡಿ. ಮತ್ತು ನಿಮಗೆ ಮಕ್ಕಳೇ ಇಲ್ಲದಿದ್ದರೂ, ಎಂದಾದರೂ ಆಟ ನೋಡಲು ಹೋಗಿ ಮೆಟ್ಟಿಲ ಮೇಲೆ ಕೂತರೆ, ಒಂದು ಪೊಟ್ಟಣ ಕಡಲೆಕಾಯಿ ಕೊಂಡು ಬಾಯಿಗೆ ಕೆಲಸ ಕೊಟ್ಟುಕೊಳ್ಳಿ. ಅಂಗಳದಲ್ಲಿ ಒಬ್ಬಳು ಯಾಕೆ ಹಾರುತ್ತಿಲ್ಲವೆಂದು ನಿಮಗೆ ಗೊತ್ತಿರುವುದಿಲ್ಲ. ನೀವು ಸುಮ್ಮನಿದ್ದರೆ ಅವಳು ಹಾರದೆಯೇ ಆಟ ಮುಗಿಸಿ, ತನ್ನ ಕಾಲಿನ ಮೇಲೆ ತಾನೇ ನಡೆದುಕೊಂಡು ಮನೆಗೆ ಹೋಗುತ್ತಾಳೆ.